ಎತ್ತಿಗೆ ಜ್ವರ, ‘ಪೇಷೆಂಟ್ ಕಡೆಯವರಿ’ಗೆ ಬರೆ

ಸರ್ಕಾರಿ ಆಸ್ಪತ್ರೆ ಯಾಕೆ ಹೀಗಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ಬಜೆಟ್ಟಿನ ಮಾತು, ನೇಮಕಾತಿಯ ಮಾತು ಬರುವುದು ಆಮೇಲೆ. ಮೊದಲು ಬರುವ ಉತ್ತರ ಒಂದೇ: ‘ಆ ಜನಾನೇ ಸರಿ ಇಲ್ಲ ಬಿಡಿ.’ ಒಬ್ಬ ರೋಗಿಯ ಹಿಂದೆ ಹತ್ತು ಮಂದಿ ಬರುತ್ತಾರಂತೆ. ವಾರ್ಡಿನಲ್ಲೇ ಉಂಡು ಅಲ್ಲೇ ಮಲಗುತ್ತಾರಂತೆ. ಎಲೆಅಡಿಕೆ ಉಗಿದು ಗೋಡೆ ಕೆಡಿಸುತ್ತಾರೆ, ಸೋಂಕು ಹರಡುತ್ತಾರೆ, ಸ್ವಲ್ಪ ಹೆಚ್ಚುಕಡಿಮೆಯಾದರೆ ಡಾಕ್ಟರ ಮೇಲೆ ಕೈ ಮಾಡುತ್ತಾರೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಗೊತ್ತಿಲ್ಲದವರು.

ಈ ಮಾತು ಪತ್ರಿಕಾಗೋಷ್ಠಿಯಲ್ಲಿ ಕೂರುವ ಅಧಿಕಾರಿಯ ಬಾಯಲ್ಲೂ ಇದೆ, ಟಿ.ವಿ. ಚರ್ಚೆಯಲ್ಲೂ ಇದೆ, ಸರ್ಕಾರಿ ಆಸ್ಪತ್ರೆಯ ಮೆಟ್ಟಿಲನ್ನು ಲಸಿಕೆಗೋ ಸರ್ಟಿಫಿಕೇಟಿಗೋ ಹೊರತು ಹತ್ತದ ಮಧ್ಯಮವರ್ಗದ ಮನೆಗಳಲ್ಲೂ ಇದೆ. ಕಾಯಿಲೆಯನ್ನು ಗುರುತಿಸಿದವರು ಔಷಧಿಯನ್ನೂ ಬರೆದುಕೊಟ್ಟಿದ್ದಾರೆ: ಒಬ್ಬ ರೋಗಿಗೆ ಒಂದೇ ಪಾಸು, ಸಂಜೆ ಒಂದು ಗಂಟೆ ಭೇಟಿ, ಗೇಟಿನಲ್ಲಿ ಗಟ್ಟಿಮುಟ್ಟಾದ ಸೆಕ್ಯುರಿಟಿ, ಜೊತೆಗೆ ಬೆಲೆ ತಿಳಿಯಲೆಂದು ಒಂದಿಷ್ಟು ಶುಲ್ಕ. ಈ ಅಭಿಪ್ರಾಯ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ಬೈಸಿಕೊಳ್ಳುವವರೇ ಅದನ್ನು ಒಪ್ಪಿಕೊಂಡು, ಚಾಪೆ ಸುತ್ತಿಕೊಂಡು, ತಲೆ ತಗ್ಗಿಸಿ ವರಾಂಡಕ್ಕೆ ಹೋಗಿ ನಿಲ್ಲುತ್ತಾರೆ.

ಈ ಅಭಿಪ್ರಾಯ ಬುಡದಿಂದಲೇ ತಪ್ಪು ಎಂಬುದು ನನ್ನ ವಾದ. ಕರ್ನಾಟಕದ ದೊಡ್ಡಾಸ್ಪತ್ರೆಗಳನ್ನು ಇವತ್ತು ನಡೆಸುತ್ತಿರುವವರಲ್ಲಿ ಅರ್ಧ ಪಾಲು ಈ ‘ಪೇಷೆಂಟ್ ಕಡೆಯವರು’. ಅವರು ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ, ಸಂಬಳವಿಲ್ಲದ, ತರಬೇತಿಯಿಲ್ಲದ, ಮಲಗಲು ಜಾಗವಿಲ್ಲದ ಸಿಬ್ಬಂದಿ. ಸರ್ಕಾರ ತಾನು ನೇಮಿಸಬೇಕಾದ ಕೈಗಳ ಕೆಲಸವನ್ನು ಅವರಿಂದ ಮಾಡಿಸಿಕೊಳ್ಳುತ್ತದೆ. ಆಮೇಲೆ ಅವರನ್ನೇ ಗದ್ದಲವೆಂದು ಕರೆಯುತ್ತದೆ.

ಉತ್ಪ್ರೇಕ್ಷೆ ಅನ್ನಿಸಿದರೆ ಒಂದು ಮೆಡಿಕಲ್ ವಾರ್ಡಿನ ದಿನಚರಿಯನ್ನು ನೋಡಿ. ಬೆಳಗಾಗುವ ಮುಂಚೆ ರಕ್ತ ತೆಗೆಯುತ್ತಾರೆ. ತೆಗೆದ ಟ್ಯೂಬು ಲ್ಯಾಬಿಗೆ ಹೋಗಬೇಕು. ‘ಪೇಷೆಂಟ್ ಕಡೆಯೋರು ಯಾರ್ರೀ?’ ಎಂಬ ಕೂಗು ಏಳುತ್ತದೆ. ನೆಲದ ಮೇಲೆ ಮಲಗಿದ್ದ ಹೆಂಡತಿಯೋ ಮಗನೋ ಎದ್ದು ಓಡುತ್ತಾರೆ. ಲ್ಯಾಬು ಇನ್ನೊಂದು ಕಟ್ಟಡದಲ್ಲಿದ್ದರೆ ದಾರಿ ಕೇಳಿಕೊಂಡು ಹೋಗಬೇಕು. ರಿಪೋರ್ಟು ತರಲು ಮತ್ತೆ ಸಾಲು. ರೌಂಡ್ಸ್ ಹೊತ್ತಿಗೆ ಕೇಸ್ ಶೀಟಿನಲ್ಲಿ ರಿಪೋರ್ಟು ಇರದಿದ್ದರೆ ಬೈಗುಳವೂ ಅವರಿಗೇ. ಸ್ಕ್ಯಾನಿಂಗ್ ಬರೆದರೆ ಸ್ಟ್ರೆಚರ್ ಹುಡುಕಬೇಕು, ತಳ್ಳಬೇಕು, ಲಿಫ್ಟು ಕೆಟ್ಟಿದ್ದರೆ ನಾಲ್ಕು ಮಂದಿ ಸೇರಿ ರೋಗಿಯನ್ನು ಎತ್ತಬೇಕು. ಹತ್ತು ಮಂದಿ ಯಾಕೆ ಬರುತ್ತೀರಿ ಎಂದು ಕೇಳುವವರು ಈ ಲೆಕ್ಕವನ್ನೂ ಒಮ್ಮೆ ಮಾಡಲಿ.

ದಿನಚರಿ ಇಷ್ಟಕ್ಕೆ ಮುಗಿಯುವುದಿಲ್ಲ. ಗ್ಲೂಕೋಸ್ ಬಾಟಲಿ ಖಾಲಿಯಾಗುತ್ತಿದೆಯೇ ಎಂದು ರಾತ್ರಿಯೆಲ್ಲ ನೋಡುತ್ತಾ, ಮುಗಿಯುವ ಹೊತ್ತಿಗೆ ಹೋಗಿ ಸಿಸ್ಟರನ್ನು ಕರೆಯಬೇಕು. ಮೂತ್ರದ ಚೀಲ ಖಾಲಿ ಮಾಡಬೇಕು, ಬೆಡ್‌ಪ್ಯಾನ್ ಇಡಬೇಕು, ತೊಳೆಯಬೇಕು, ಮೈ ಒರೆಸಬೇಕು. ಪಾರ್ಶ್ವವಾಯು ಹೊಡೆದವರಿದ್ದರೆ ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂಗಿನ ನಳಿಕೆಯಲ್ಲಿ ಗಂಜಿ ಹಾಕಬೇಕು. ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ ಎಂದು ಹೇಳಿಕೊಡುವವರು ಇದ್ದರೆ ಪುಣ್ಯ. ಸ್ಟಾಕ್ ಇಲ್ಲದ ಔಷಧಿಗೆ ಚೀಟಿ ಹಿಡಿದು ಗೇಟಿನಾಚೆಯ ಮೆಡಿಕಲ್ ಸ್ಟೋರಿಗೆ ಹೋಗಬೇಕು. ರಕ್ತ ಬೇಕಾದರೆ ಬದಲಿ ದಾನಿಯನ್ನು ಹುಡುಕಿ ತರಬೇಕು. ಬದಲಿ ದಾನಿಗಳನ್ನು ಕೇಳುವ ಪದ್ಧತಿ ತೊಲಗಬೇಕೆಂದು 2002ರ ರಾಷ್ಟ್ರೀಯ ರಕ್ತ ನೀತಿಯೇ ಹೇಳಿದೆ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಿರುವುದಿಲ್ಲ. ಇದರ ನಡುವೆ ಆಯುಷ್ಮಾನ್ ಕೌಂಟರು: ರೇಷನ್ ಕಾರ್ಡು, ಆಧಾರ್, ಎರಡೆರಡು ಜೆರಾಕ್ಸ್, ಡಾಕ್ಟರ ಸಹಿ, ಸೀಲು, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಿದ್ದರೆ ನಾಳೆ ಬನ್ನಿ.

ಈಗ ಹೇಳಿ, ಇದರಲ್ಲಿ ಯಾವ ಕೆಲಸ ನೋಡಲು ಬಂದ ನೆಂಟರದು? ಒಂದೂ ಅಲ್ಲ. ಪ್ರತಿಯೊಂದಕ್ಕೂ ಆಸ್ಪತ್ರೆಯ ವ್ಯವಸ್ಥೆಯಲ್ಲಿ ಒಂದು ಹುದ್ದೆಯಿದೆ: ನರ್ಸು, ಆಯಾ, ವಾರ್ಡ್‌ಬಾಯ್, ಲ್ಯಾಬ್ ಅಟೆಂಡರ್, ಸಮಾಜ ಕಾರ್ಯಕರ್ತ. ಹುದ್ದೆ ಕಾಗದದಲ್ಲಿದೆ, ಕೈ ವಾರ್ಡಿನಲ್ಲಿಲ್ಲ. ಆ ಖಾಲಿ ಜಾಗವನ್ನು ತುಂಬಿದವರು ಹೆಚ್ಚಾಗಿ ಹೆಂಗಸರು: ಗಂಡನ ಪಕ್ಕ ಹೆಂಡತಿ, ಅತ್ತೆಯ ಪಕ್ಕ ಸೊಸೆ, ಮಗಳ ಪಕ್ಕ ತಾಯಿ. ಊರಲ್ಲಿ ಹಸು ಕರೆಯುವವರಿಲ್ಲ, ಮಕ್ಕಳನ್ನು ಸ್ಕೂಲಿಗೆ ಕಳಿಸುವವರಿಲ್ಲ, ಕೂಲಿ ತಪ್ಪಿದೆ. ಒಬ್ಬಾಕೆಯಿಂದ ಇಷ್ಟೆಲ್ಲ ಆಗುವುದಿಲ್ಲವೆಂದು ತಮ್ಮನೂ ನಾದಿನಿಯೂ ಪಾಳಿಯ ಮೇಲೆ ಬರುತ್ತಾರೆ. ನಮ್ಮ ಕಣ್ಣಿಗೆ ಅದೇ ‘ಗುಂಪು’.

ಕಡೆಯವರಿಲ್ಲದಿದ್ದರೆ ಆಸ್ಪತ್ರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ, ದಾಖಲೆಗಳೇ ಇವೆ. 2017ರಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಯಸ್ಸಾದ ಹೆಂಗಸೊಬ್ಬರು, ನಡೆಯಲಾರದ ಗಂಡನನ್ನು ಎಕ್ಸ್‌ರೇಗೆ ಒಯ್ಯಲು ಸ್ಟ್ರೆಚರ್ ಸಿಗದೆ, ನೆಲದ ಮೇಲೆ ಎಳೆದುಕೊಂಡು ಹೋದ ದೃಶ್ಯವನ್ನು ನಾಡೆಲ್ಲ ನೋಡಿತು. ಜನ ಮರುಗಿದರು, ಸಿಬ್ಬಂದಿ ಅಮಾನತಾದರು, ಸುದ್ದಿ ತಣ್ಣಗಾಯಿತು. ಆದರೆ ಆ ದೃಶ್ಯ ಹೇಳಿದ ಸತ್ಯ ಬೇರೆಯದು. ಆಕೆಗೆ ಇಬ್ಬರು ಗಂಡುಮಕ್ಕಳು ಜೊತೆಗಿದ್ದಿದ್ದರೆ ಅವರು ಎತ್ತಿಕೊಂಡು ಹೋಗುತ್ತಿದ್ದರು. ಯಾವ ಕ್ಯಾಮೆರಾಕ್ಕೂ ಅದು ಸುದ್ದಿಯಾಗುತ್ತಿರಲಿಲ್ಲ. ಅಂದರೆ ಆ ದಿನ ಕಡಿಮೆಯಿದ್ದದ್ದು ಸ್ಟ್ರೆಚರೊಂದೇ ಅಲ್ಲ, ಆಸ್ಪತ್ರೆ ನೆಚ್ಚಿಕೊಂಡ ಸಂಬಳವಿಲ್ಲದ ತೋಳುಗಳು ಕೂಡ.

ತುಮಕೂರಿನ ಪ್ರಕರಣ ಇನ್ನೂ ಘೋರ. 2022ರ ನವೆಂಬರಿನಲ್ಲಿ ಅವಳಿ ಮಕ್ಕಳ ಗರ್ಭಿಣಿಯೊಬ್ಬಳು ಜಿಲ್ಲಾ ಆಸ್ಪತ್ರೆಗೆ ಬಂದಳು. ಹೊರ ರಾಜ್ಯದಿಂದ ಬಂದು ನೆಲೆಸಿದ್ದವಳು. ಮಾತನಾಡಲು ಮನೆಯ ಗಂಡಸರು ಯಾರೂ ಇಲ್ಲ, ಬಂಧುಗಳಿಲ್ಲ, ನೆರೆಮನೆಯವರ ಆಸರೆಯೊಂದೇ. ಗರ್ಭಿಣಿಯರ ನೋಂದಣಿಯ ‘ತಾಯಿ ಕಾರ್ಡ್’ ಇಲ್ಲವೆಂದು ಆಕೆಯನ್ನು ದಾಖಲು ಮಾಡಿಕೊಳ್ಳದೆ, ಬೆಂಗಳೂರಿನ ಆಸ್ಪತ್ರೆಗೆ ಹೋಗೆಂದು ಕಳಿಸಿದರು. ಬೆಂಗಳೂರಿಗೆ ಹೋಗುವ ಶಕ್ತಿ ಆಕೆಗೆ ಎಲ್ಲಿತ್ತು? ಮನೆಗೆ ಮರಳಿದಳು. ಅಲ್ಲೇ ಹೆರಿಗೆಯಾಯಿತು. ತಾಯಿ ಉಳಿಯಲಿಲ್ಲ, ಎರಡು ಕೂಸುಗಳೂ ಉಳಿಯಲಿಲ್ಲ. ಡಾಕ್ಟರು, ನರ್ಸುಗಳ ಅಮಾನತಾಯಿತು. ಅಂಥ ಹೆಂಗಸಿನ ಹಿಂದೆ ಜೋರು ಬಾಯಿಯ ಐದಾರು ಮಂದಿ ಬಂದು ಬಾಗಿಲಲ್ಲಿ ನಿಂತಿದ್ದರೆ ಏನಾಗುತ್ತಿತ್ತು ಎಂಬುದು ಆಸ್ಪತ್ರೆ ಕಂಡ ಪ್ರತಿಯೊಬ್ಬ ಬಡವನಿಗೂ ಗೊತ್ತು. ‘ಜೊತೆಗೆ ನಾಲ್ಕು ಜನ ಇರ್ಲಿ’ ಎಂದು ಹಳ್ಳಿಯಲ್ಲಿ ಹಿರಿಯರು ಹೇಳುವುದು ಜಾತ್ರೆಗೆ ಹೋಗುವ ಹುಮ್ಮಸ್ಸಿನಿಂದಲ್ಲ. ಒಬ್ಬಂಟಿಯಾಗಿ ಹೋದವರ ಗತಿ ಏನಾಗುತ್ತದೆಂದು ಕಂಡ ಅನುಭವದಿಂದ.

ಇನ್ನು ಲೆಕ್ಕಕ್ಕೆ ಬರೋಣ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ಹಾಸಿಗೆಗೆ ಒಬ್ಬ ನರ್ಸು, ಅಂದರೆ ಒಂದು ಪಾಳಿಯಲ್ಲಿ ಒಂಬತ್ತು ಹಾಸಿಗೆಗೆ ಒಬ್ಬರು ಇರಬೇಕು. ತೀವ್ರ ನಿಗಾ ಘಟಕದಲ್ಲಿ ಹಾಸಿಗೆಗೊಬ್ಬರು. ನಿಮ್ಮ ಜಿಲ್ಲೆಯ ಆಸ್ಪತ್ರೆಗೆ ಒಂದು ರಾತ್ರಿ ಹೋಗಿ, ವಾರ್ಡಿನ ಹಾಸಿಗೆ ಎಣಿಸಿ, ಹಾಸಿಗೆ ಸಾಲದೆ ನೆಲದ ಮೇಲೆ ಮಲಗಿಸಿದವರನ್ನೂ ಎಣಿಸಿ, ಆಮೇಲೆ ನರ್ಸುಗಳನ್ನು ಎಣಿಸಿ. ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆ ಒಬ್ಬಿಬ್ಬರು ಸಿಸ್ಟರುಗಳು ಇಂಜೆಕ್ಷನ್ ಕೊಡುವುದು, ಬರೆಯುವುದು, ಹೊಸ ಅಡ್ಮಿಷನ್ ನೋಡುವುದು ಮುಗಿಸುವಷ್ಟರಲ್ಲಿ ಬೆಳಗಾಗುತ್ತದೆ. ಅವರು ಸಿಡುಕುತ್ತಾರೆ ಎಂಬುದು ನಿಜ. ಆ ಜಾಗದಲ್ಲಿ ಬುದ್ಧನೂ ಸಿಡುಕುತ್ತಿದ್ದ. ಡಿ ಗ್ರೂಪ್ ಕೆಲಸ ಬಹುಮಟ್ಟಿಗೆ ಹೊರಗುತ್ತಿಗೆಗೆ ಹೋಗಿದೆ. ಏಜೆನ್ಸಿ ಕೊಡುವ ಅಲ್ಪ ಸಂಬಳ ತಿಂಗಳುಗಟ್ಟಲೆ ತಡವಾಗುವ ಕೆಲಸಗಾರ ಸ್ಟ್ರೆಚರ್ ತಳ್ಳಲು ಕೈ ಚಾಚುತ್ತಾನೆ. ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಆ ಚಾಚಿದ ಕೈಯ ಹಿಂದೆ ಖಾಯಂ ನೌಕರಿಯನ್ನು ಉಳಿತಾಯದ ಬಾಬತ್ತು ಮಾಡಿಕೊಂಡ ಸರ್ಕಾರವಿದೆ.

2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುವ ಮಾತು ಕೊಟ್ಟಿತ್ತು. ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ 2021-22ರಲ್ಲಿ, ಕೋವಿಡ್ ಖರ್ಚೂ ಸೇರಿ, ಅದು ಶೇ 1.84. ಇವೆರಡರ ನಡುವಿನ ಅಂತರವನ್ನು ಯಾರೋ ತುಂಬಲೇಬೇಕಲ್ಲ? ಅದನ್ನು ತುಂಬಿದವಳು ಪಾವಗಡದಿಂದಲೋ ಸಿಂಧನೂರಿನಿಂದಲೋ ಬಂದು, ಕೂಲಿ ಕಳೆದುಕೊಂಡು, ವರಾಂಡದಲ್ಲಿ ಚಾಪೆ ಹಾಸಿದ ಹೆಂಗಸು. ಯಾವ ಹಣಕಾಸು ಸಚಿವರ ಭಾಷಣದಲ್ಲೂ ಆಕೆಗೆ ಕೃತಜ್ಞತೆ ಹೇಳಿದ್ದನ್ನು ನಾನು ಕೇಳಿಲ್ಲ.

ಈಗ ಎದುರಾಳಿಗಳ ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ. ಮೊದಲನೆಯದು ಸೋಂಕು. ಜನ ಹೆಚ್ಚಿದಷ್ಟೂ ಸೋಂಕು ಹೆಚ್ಚು ಎಂಬುದು ಕೇಳಲು ವಿಜ್ಞಾನದಂತೆಯೇ ಇದೆ. ಆದರೆ ಸೋಂಕಿಗೆ ಅತಿ ಹೆಚ್ಚು ಹೆದರಬೇಕಾದ ಜಾಗ ಯಾವುದು? ನವಜಾತ ಶಿಶುಗಳ ತೀವ್ರ ನಿಗಾ ಘಟಕ. ಅಲ್ಲಿಂದ ತಾಯಂದಿರನ್ನು ಹೊರಗಿಡುವುದೇ ಶಾಸ್ತ್ರವೆಂದು ದಶಕಗಳ ಕಾಲ ನಂಬಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ಆ ನಂಬಿಕೆಯನ್ನು ಪರೀಕ್ಷಿಸಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. ಕಡಿಮೆ ತೂಕದ ಕೂಸನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಚ್ಚಿ, ತಾಯಿಯನ್ನೂ ಘಟಕದೊಳಗೇ ಇರಿಸಿಕೊಂಡರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು: ಮೊದಲ 28 ದಿನಗಳ ಸಾವು ನಾಲ್ಕನೇ ಒಂದು ಭಾಗದಷ್ಟು ಇಳಿಯಿತು. ನಂಜು ಏರಿತೇ? ಅದೂ ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ‘ಕಾಂಗರೂ’ ಆರೈಕೆಯನ್ನು ವಿಸ್ತರಿಸಿ, ಅದು ಸಾಮಾನ್ಯ ಆಸ್ಪತ್ರೆಗಳಲ್ಲಿ ಸಾಧ್ಯವೆಂದು ತೋರಿಸಿದ್ದಾರೆ. ತಾಯಿಗೆ ಕೈ ತೊಳೆಯಲು ಕಲಿಸಿ, ಮಲಗಲು ಮಂಚ ಕೊಟ್ಟು, ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಟ್ಟರೆ ಆಕೆ ಸೋಂಕಿನ ಮೂಲವಲ್ಲ, ಮದ್ದು. ಸೋಂಕನ್ನು ತರುವುದು ನೀರು ಬಾರದ ನಲ್ಲಿ, ಸಾಬೂನಿಲ್ಲದ ಸಿಂಕು, ಒಂದೇ ಮಂಚಕ್ಕೆ ಇಬ್ಬರು ರೋಗಿಗಳು. ಅವುಗಳಿಗೆ ಪಾಸ್ ವ್ಯವಸ್ಥೆ ಯಾರೂ ಮಾಡಿಲ್ಲ.

ಮನೆಯವರನ್ನು ಒಳಗೆ ಬಿಟ್ಟುಕೊಂಡರೆ ಚಿಕಿತ್ಸೆ ಸುಧಾರಿಸುತ್ತದೆ ಎಂಬುದು ಈ ದೇಶಕ್ಕೆ ಹೊಸ ವಿಚಾರವೂ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಕುಟುಂಬದವರನ್ನು ಅಲ್ಲೇ ಇರಿಸಿಕೊಂಡು ಆರೈಕೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದವರು ರೋಗಿಯ ಜೊತೆ ಇರುವುದು ಚಿಕಿತ್ಸೆಯ ಭಾಗವೇ ಆಗಿ ಬೆಳೆದು ಬಂದಿದೆ. ಅಂಥ ಪರಂಪರೆ ಇಟ್ಟುಕೊಂಡು, ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತ ತಾಯಿಯನ್ನು ‘ಆಚೆ ಹೋಗಮ್ಮಾ’ ಎನ್ನುತ್ತೇವೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಗರ್ಭಿಣಿಯ ಜೊತೆ ಹೆರಿಗೆಯ ಅನುಭವವಿರುವ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಎಷ್ಟು ಲೇಬರ್ ವಾರ್ಡುಗಳಲ್ಲಿ ಇದು ನಡೆಯುತ್ತಿದೆ? ನೋವು ತಿನ್ನುವ ಹುಡುಗಿಯ ಕೈ ಹಿಡಿಯಲು ಯಾರೂ ಇಲ್ಲದಾಗಲೇ ಅಲ್ಲವೇ, ಅವಳಿಗೆ ಬೈಗುಳವೂ ಏಟೂ ಬೀಳುವುದು? ಸಾಕ್ಷಿಯಿರುವ ಕಡೆ ನಾಲಿಗೆಗೆ ಲಗಾಮು ತಾನಾಗಿ ಬೀಳುತ್ತದೆ. ಕಡೆಯವರನ್ನು ಹೊರಗಿಡುವ ಉತ್ಸಾಹದ ಹಿಂದೆ ಈ ಅನುಕೂಲವೂ ಇದೆ.

ಎರಡನೆಯ ವಾದ ಹಿಂಸೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮೂವತ್ತಾರು ಗಂಟೆ ನಿದ್ದೆಗೆಟ್ಟ ಪಿ.ಜಿ. ವಿದ್ಯಾರ್ಥಿಯ ಕೆನ್ನೆಗೆ ಹೊಡೆದವನನ್ನು ಯಾರೂ ಕ್ಷಮಿಸಬೇಕಿಲ್ಲ. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕ 2009ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿದೆ. ಆಗ ಅದರಲ್ಲಿ ಗೊತ್ತುಮಾಡಿದ ಶಿಕ್ಷೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಅದು ಜಾರಿಯಾಗಲಿ. ಆದರೆ ಕೆಲವರ ಅಪರಾಧವನ್ನು ವರಾಂಡದಲ್ಲಿ ಕೂತ ಎಲ್ಲರ ತಲೆಗೆ ಕಟ್ಟುವುದು ಯಾವ ನ್ಯಾಯ?

2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆಯಿತು. ದೇಶ ಕುದಿಯಿತು, ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಆಸ್ಪತ್ರೆಗಳ ಭದ್ರತೆಗೆಂದು ಬಂದ ಸಲಹೆಗಳ ಪಟ್ಟಿಯಲ್ಲಿ ರೋಗಿಯ ಕಡೆಯವರ ಸಂಖ್ಯೆಯನ್ನು ಕಡಿತಗೊಳಿಸಿ, ಪಾಸ್ ಬಿಗಿ ಮಾಡಿ ಎಂಬುದೂ ಸೇರಿಕೊಂಡಿತು. ಆ ಅಪರಾಧದಲ್ಲಿ ಶಿಕ್ಷೆಯಾದವನು ಯಾವ ರೋಗಿಯ ಬಂಧುವೂ ಅಲ್ಲ. ಪೊಲೀಸರ ಜೊತೆಗೆ ಕೆಲಸ ಮಾಡುತ್ತಿದ್ದ, ಆಸ್ಪತ್ರೆಯೊಳಗೆ ಸಲೀಸಾಗಿ ಓಡಾಡುವ ಅವಕಾಶವಿದ್ದ ಸ್ವಯಂಸೇವಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ಜಗಳ ಎಲ್ಲಿ ಹುಟ್ಟುತ್ತದೆ ಎಂದು ವರಾಂಡದಲ್ಲಿ ಅರ್ಧ ದಿನ ಕೂತು ನೋಡಿದವರಿಗೆ ಗೊತ್ತು. ಅದು ಹುಟ್ಟುವುದು ಮೌನದಲ್ಲಿ. ಐಸಿಯು ಬಾಗಿಲಾಚೆ ಎರಡು ದಿನ ನಿಂತವನಿಗೆ ಒಳಗೆ ಏನಾಗುತ್ತಿದೆ ಎಂದು ಯಾರೂ ಹೇಳುವುದಿಲ್ಲ. ಸಹಿ ಹಾಕೆಂದು ಇಂಗ್ಲಿಷಿನ ಕಾಗದ ಕೊಡುತ್ತಾರೆ. ‘ಸೀರಿಯಸ್ ಇದೆ’ ಎಂಬ ಒಂದೇ ಮಾತು. ಆಮೇಲೆ ನೇರವಾಗಿ ಹೆಣ. ಹೀಗೆ ಸಾವನ್ನು ತಿಳಿಸಿದರೆ ಯಾವ ಮನುಷ್ಯ ಶಾಂತನಾಗಿರುತ್ತಾನೆ? ಬಡವನಾದ ಮಾತ್ರಕ್ಕೆ ದುಃಖದಲ್ಲೂ ಶಿಸ್ತಾಗಿರಬೇಕು ಎಂದು ಬಯಸುವವರು, ಖಾಸಗಿ ಆಸ್ಪತ್ರೆಯಲ್ಲಿ ತಮ್ಮ ತಂದೆಯ ಬಿಲ್ಲು ಎರಡು ಸಾವಿರ ಹೆಚ್ಚು ಬಂದಾಗ ಕೌಂಟರಿನಲ್ಲಿ ತಾವು ಏರಿಸಿದ ದನಿಯನ್ನು ನೆನಪಿಸಿಕೊಳ್ಳಲಿ.

ಜೊತೆಗೆ ಇನ್ನೊಂದು ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಅನ್ಯಾಯವಾದರೆ ಹೋಗುವುದೆಲ್ಲಿಗೆ? ಗ್ರಾಹಕರ ನ್ಯಾಯಾಲಯಕ್ಕೆ? 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನಡಿ ತಂದಿತು ನಿಜ. ಆದರೆ ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳನ್ನು ಅದೇ ತೀರ್ಪು ಹೊರಗಿಟ್ಟಿತು. ಚೀಟಿಯ ಹತ್ತಿಪ್ಪತ್ತು ರೂಪಾಯಿ ಲೆಕ್ಕಕ್ಕೆ ಬರುವುದಿಲ್ಲ ಎಂದೂ ಹೇಳಿತು. ರಾಜ್ಯದ ಕಾಯ್ದೆಗೆ? 2017ರಲ್ಲಿ ತಿದ್ದುಪಡಿಯಾಗಿ, ವೈದ್ಯರ ಮುಷ್ಕರವನ್ನೂ ಎದುರಿಸಿ, ರೋಗಿಗಳ ಹಕ್ಕುಗಳ ಸನ್ನದು ಬರೆದುಕೊಂಡ ಕಾಯ್ದೆಯ ಹೆಸರೇ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಸರ್ಕಾರ ಖಾಸಗಿಯವರಿಗೆ ಹಾಕಿದ ಕಟ್ಟಳೆಯನ್ನು ತನಗೆ ತಾನು ಹಾಕಿಕೊಳ್ಳಲಿಲ್ಲ. ಇರುವುದು ಬಾಗಿಲ ಪಕ್ಕದ ದೂರು ಪೆಟ್ಟಿಗೆ. ಅದರ ಬೀಗದ ಕೈ ಯಾರ ಬಳಿಯಿದೆ ಎಂದು ಕೇಳಿ ನೋಡಿ. ಎಲ್ಲ ಬಾಗಿಲೂ ಮುಚ್ಚಿ, ಕಿಟಕಿ ಯಾಕೆ ಒಡೆದೆ ಎನ್ನುವ ಜಾಣತನ ಇದು.

ಮೂರನೆಯದು ‘ಬಿಟ್ಟಿ’. ಇದರಷ್ಟು ಹಸಿ ಸುಳ್ಳು ಇನ್ನೊಂದಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಒಮ್ಮೆ ದಾಖಲಾದರೆ ದೇಶದಲ್ಲಿ ಸರಾಸರಿ ವೈದ್ಯಕೀಯ ಖರ್ಚು 4,452 ರೂಪಾಯಿ. ಖಾಸಗಿಯಲ್ಲಿ 31,845. ಖಾಸಗಿಗೆ ಹೋಲಿಸಿದರೆ ಕಡಿಮೆಯೇ. ಆದರೆ ಬಿಟ್ಟಿ ಎಲ್ಲಿದೆ? ಇದರಲ್ಲಿ ಬಸ್ ಚಾರ್ಜು ಸೇರಿಲ್ಲ, ಜೊತೆಗಿದ್ದವರ ಊಟ ಸೇರಿಲ್ಲ, ತಪ್ಪಿದ ಕೂಲಿ ಸೇರಿಲ್ಲ. 2024ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಮುಂತಾದ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿಯ ದರವನ್ನು 10ರಿಂದ 20 ರೂಪಾಯಿಗೆ ಏರಿಸಿದಾಗ ‘ಅದೇನು ಮಹಾ’ ಎಂದವರಿದ್ದರು. ಮಹಾ ಅಲ್ಲದಿದ್ದರೆ ಏರಿಸಿದ್ದೇಕೆ? ಗಂಡುಮಗು ಹುಟ್ಟಿದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಲೇಬರ್ ವಾರ್ಡಿನ ಹೊರಗೆ ನಡೆಯುವ ವಸೂಲಿಯ ಮಾತು ಯಾವ ಬಾಣಂತಿಯ ಮನೆಗೆ ಹೊಸದು? ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ರಾಜ್ಯ ಆರೋಗ್ಯ ಕಾರ್ಯಪಡೆ 2001ರಲ್ಲಿ ತನ್ನ ಅಂತಿಮ ವರದಿಗೆ ಸಮಾನತೆ, ಗುಣಮಟ್ಟಗಳ ಜೊತೆ ‘ಪ್ರಾಮಾಣಿಕತೆ’ ಎಂಬುದನ್ನೂ ಶೀರ್ಷಿಕೆಯಲ್ಲೇ ಸೇರಿಸಿತ್ತು. ಸುಮ್ಮನೆ ಸೇರಿಸಿದ್ದಲ್ಲ. ಬೆಲೆ ಗೊತ್ತಿಲ್ಲದವರೆಂದು ನಾವು ಹೀಯಾಳಿಸುವ ಜನರಿಗೆ ಸರ್ಕಾರಿ ಆಸ್ಪತ್ರೆಯ ಪ್ರತಿ ಹೆಜ್ಜೆಯ ಬೆಲೆಯೂ ಗೊತ್ತು.

ಈ ಮೂರಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಕಡೆಯವರಿಗೆ ‘ಗದ್ದಲ’ ಎಂದು ಹೆಸರಿಟ್ಟ ಮೇಲೆ ಅವರ ಮಾತು ಸಾಕ್ಷ್ಯವಾಗುವುದು ನಿಂತುಹೋಗುತ್ತದೆ. 2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕ ಮುಗಿದೇ ಸತ್ತರು ಎಂದು ಹೊರಗಿದ್ದ ಮನೆಯವರು ಅಂದೇ ಅತ್ತು ಹೇಳಿದರು. ಸರ್ಕಾರದ ಬಾಯಿಂದ ಮೊದಲು ಬಂದದ್ದು, ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂಬ ಮಾತು. ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಪರಿಶೀಲಿಸಿದ ಮೇಲೆ ಆಮ್ಲಜನಕದ ಕೊರತೆಯೇ ಕಾರಣವೆಂಬುದು ದಾಖಲಾಯಿತು. ‘ಜನ ಸರಿ ಇಲ್ಲ’ ಎನಿಸಿಕೊಂಡವರು ಹೇಳಿದ್ದೇ ಸರಿಯಾಗಿತ್ತು.

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಸತ್ತಾಗಲೂ ಮನೆಯವರ ಪ್ರಶ್ನೆ ಸರಳವಾಗಿತ್ತು: ನಡೆದುಕೊಂಡು ಬಂದವಳು ಹೇಗೆ ಸತ್ತಳು? ಕೊನೆಗೆ ಬೆರಳು ತೋರಿದ್ದು ಅವರ ನಾಳಕ್ಕೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಕಡೆಗೆ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಆ ಸರಬರಾಜು ನಿಂತಿತು. ಮೊದಲ ಸಾವಿನ ಮನೆಯವರ ಪ್ರಶ್ನೆಯನ್ನೇ ದೂರೆಂದು ಬರೆದುಕೊಂಡು, ಆ ಬಾಟಲಿಗಳನ್ನು ಅಂದೇ ಬದಿಗಿಡುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲಿ ಇದ್ದಿದ್ದರೆ? ಹಾಸಿಗೆಯ ಪಕ್ಕ ಇಪ್ಪತ್ನಾಲ್ಕು ಗಂಟೆ ಕೂತವರ ಕಣ್ಣಿಗೆ ಬೀಳುವುದು ರೌಂಡ್ಸಿಗೆ ಬಂದು ಹೋಗುವವರ ಕಣ್ಣಿಗೆ ಬೀಳುವುದಿಲ್ಲ. ಉಸಿರು ಬದಲಾದದ್ದು, ಮೈ ತಣ್ಣಗಾದದ್ದು, ಮಾತು ತೊದಲಿದ್ದು ಮೊದಲು ತಿಳಿಯುವುದು ತಾಯಿಗೆ, ಹೆಂಡತಿಗೆ. ಆಕೆ ಓಡಿ ಹೋಗಿ ಹೇಳಿದಾಗ ‘ಹೋಗಮ್ಮಾ, ಬರ್ತೀವಿ’ ಎಂಬ ಉತ್ತರ ಎಷ್ಟು ಜೀವ ತೆಗೆದಿದೆ ಎಂಬ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಹಾಗಾದರೆ ಕಡೆಯವರು ಹೀಗೇ ಇರಲಿ, ವಾರ್ಡು ಸಂತೆಯಾಗಲಿ ಎನ್ನುತ್ತಿದ್ದೇನೆಯೇ? ಇಲ್ಲ. ನರ್ಸಿನ ಕೆಲಸವನ್ನು ಹೆಂಡತಿ ಮಾಡುವುದನ್ನು ‘ಕುಟುಂಬ ಪ್ರೀತಿ’ ಎಂದು ಹಾಡಿಹೊಗಳುವುದು ಇನ್ನೊಂದು ಬಗೆಯ ವಂಚನೆ. ಪ್ರೀತಿ ಆಕೆಯದು, ಕೆಲಸ ಸರ್ಕಾರದ್ದು. ಹಾಗಾಗಿ ಬೇಡಿಕೆಯೂ ಎರಡು ಬಗೆಯದು. ಸ್ಟ್ರೆಚರ್ ತಳ್ಳುವುದು, ರಕ್ತದ ಟ್ಯೂಬು ಒಯ್ಯುವುದು, ರಿಪೋರ್ಟು ತರುವುದು, ಔಷಧಿ ತರುವುದು, ಕಾರ್ಡಿನ ಕಾಗದಪತ್ರ ಮಾಡಿಸುವುದು, ಇಷ್ಟೂ ಇವತ್ತೇ ಅವರ ಹೆಗಲಿಂದ ಇಳಿಯಬೇಕು. ಅದಕ್ಕೆ ಖಾಯಂ ಡಿ ಗ್ರೂಪ್ ನೇಮಕಾತಿ ಆಗಬೇಕು, ಪಾಳಿವಾರು ನರ್ಸುಗಳ ಸಂಖ್ಯೆಯನ್ನು ಪ್ರತಿ ವಾರ್ಡಿನ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ಈ ಕೆಲಸಗಳು ಇಳಿದ ದಿನ ಹತ್ತು ಮಂದಿ ತಾವಾಗಿಯೇ ಇಬ್ಬರಾಗುತ್ತಾರೆ. ಪಾಸ್ ಬೇಕಾಗುವುದಿಲ್ಲ.

ಉಳಿದ ಆ ಒಬ್ಬಿಬ್ಬರಿಗೆ ಜಾಗ ಬೇಕು, ಮಾಹಿತಿ ಬೇಕು, ಕಲಿಕೆ ಬೇಕು. ಮಲಗಲು ಸೂರು, ಹೆಂಗಸರಿಗೆ ಬೀಗವಿರುವ ಶೌಚಾಲಯ, ಕುಡಿಯುವ ನೀರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ದಾನಿಗಳ ನೆರವಿನಿಂದ ಧರ್ಮಶಾಲೆ ಎದ್ದಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಅದು ದಾನವಾಗಿ ಅಲ್ಲ, ಕಟ್ಟಡದ ನಕ್ಷೆಯ ಭಾಗವಾಗಿ ಬರಬೇಕು. ದಿನಕ್ಕೊಮ್ಮೆ, ಗೊತ್ತಾದ ಹೊತ್ತಿಗೆ, ಒಬ್ಬ ವೈದ್ಯರು ಮನೆಯವರಿಗೆ ಅವರ ಭಾಷೆಯಲ್ಲಿ ಸ್ಥಿತಿ ತಿಳಿಸಬೇಕು. ಇದಕ್ಕೆ ಬೇಕಾದದ್ದು ಹತ್ತು ನಿಮಿಷ, ಒಂದು ಬೆಂಚು. ಮನೆಗೆ ಹೋದ ಮೇಲೆ ಗಾಯ ಹೇಗೆ ನೋಡಿಕೊಳ್ಳಬೇಕು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂಬುದನ್ನು ವಾರ್ಡಿನಲ್ಲೇ ಕಲಿಸಬೇಕು. ನೂರಾ ಹೆಲ್ತ್ ಎಂಬ ಸಂಸ್ಥೆ ಕರ್ನಾಟಕದಲ್ಲೇ ಮೊದಲು ನೆಲೆಯೂರಿ, ನರ್ಸುಗಳ ಮೂಲಕ ಮನೆಯವರಿಗೆ ಇಂಥ ಪಾಠ ಹೇಳಿಸುವ ಕ್ರಮವನ್ನು ಸರ್ಕಾರಿ ಆಸ್ಪತ್ರೆಗಳಿಗೂ ತಂದಿದೆ. ದಾರಿ ಗೊತ್ತಿಲ್ಲದ ಮಾತೇ ಇಲ್ಲ.

ಕೊನೆಯದಾಗಿ, ಖಾಸಗಿ ಆಸ್ಪತ್ರೆಗಳಿಗೆ ಬರೆದ ಹಕ್ಕುಗಳ ಸನ್ನದು ಸರ್ಕಾರಿ ಆಸ್ಪತ್ರೆಗೂ ಕಾನೂನಿನ ಬಲದಿಂದ ಅನ್ವಯಿಸಬೇಕು. ದೂರನ್ನು ಆಸ್ಪತ್ರೆಯವರಲ್ಲದವರು ಕೇಳಬೇಕು, ಲಿಖಿತ ಉತ್ತರಕ್ಕೆ ಗಡುವು ಇರಬೇಕು. ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಶಾಸಕರ ಹಿಂಬಾಲಕರ ಬದಲು, ಆ ವಾರ್ಡುಗಳಲ್ಲಿ ರಾತ್ರಿ ಕಳೆದವರು ಕೂರಬೇಕು.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಯಾರಾದರೂ ಅಧಿಕಾರಿ ಮೈಕಿನ ಮುಂದೆ ‘ರೋಗಿಗಳ ಕಡೆಯವರಿಂದಲೇ ಎಲ್ಲ ತೊಂದರೆ’ ಎಂದಾಗ ಎರಡು ಪ್ರಶ್ನೆ ಕೇಳಿ: ನಿನ್ನೆ ರಾತ್ರಿ ನಿಮ್ಮ ವಾರ್ಡಿನಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸುಗಳಿದ್ದರು? ಸ್ಟ್ರೆಚರ್ ತಳ್ಳಿದವರು ಯಾರು? ಈ ಎರಡಕ್ಕೂ ಮರ್ಯಾದೆಯ ಉತ್ತರ ಕೊಡಲಾಗದ ಸರ್ಕಾರಕ್ಕೆ ಆ ಜನರನ್ನು ಗೇಟಿನಾಚೆ ನಿಲ್ಲಿಸುವ ಅಧಿಕಾರವಿಲ್ಲ.